ರೆಕ್ಕೆಯ ಮೇಲೆ ಹುರಮಂಜು

"ನಿಮ್ಮ ಕುರಿ ಆರಾಮ ಐತ್ರಿ, ಚಿಂತಿ ಮಾಡಬ್ಯಾಡ್ರಿ. ಹೊಟ್ಟಿ ತುಂಬ ಮೇಯ್ತೈತಿ."

ಸುಮನ ಇನ್ನೂ ಸ್ಕೂಟಿಯಿಂದ ಇಳಿದಿರಲಿಲ್ಲ. ಕೊಣ್ಣೂರಿನ ಆಚೆ, ಕಬ್ಬು ಕಡಿದು ಬಯಲಾದ ಹೊಲವೊಂದರಲ್ಲಿ ಕುರಿ ಹಿಂಡು ಬೀಡುಬಿಟ್ಟಿತ್ತು. ಹೆಗಲಿಗೆ ಕಂಬಳಿ ಹಾಕಿಕೊಂಡ ಎತ್ತರದ ತರುಣನೊಬ್ಬ ಹಿಂಡಿನ ನಡುವಿನಿಂದಲೇ ದಾರಿ ಮಾಡಿಕೊಂಡು ಬಂದು, ಹೆಸರು ಕೇಳದೆ, ಊರು ಕೇಳದೆ, ನೇರವಾಗಿ ಈ ಭರವಸೆ ಕೊಟ್ಟಿದ್ದ.

"ಯಾವ ಕುರಿ ರಿ?" ಎಂದಳು ಸುಮನ.

"ನೀವು ಹುಡುಕಾಕತ್ತಿದ್ದು. ಹಸರ ಗುರ್ತದ್ದು. ಅಲ್ಲಿ ನೋಡ್ರಿ, ಬೇಲಿ ಬಾಜೂಕ ನಿಂತೈತಿ. ಉದ್ದಪ್ಪಜ್ಜ ಮುಂಜಾನೆನ ಫೋನ್ ಮಾಡಿದ್ದ. ಒಬ್ಬಾಕಿ ಮೇಡಂ ಹಟ್ಟಿ ಹಟ್ಟಿಗಿ ತಿರಗಿ ಯಾರ ಗುರ್ತ ಯಾವುದು ಅಂತ ಕೇಳಾಕತ್ತಾಳ, ನಿನ್ನ ಕಡೆ ಕಳಿಸೇನಿ ಅಂದ."

"ನನಗ ಕುರಿನೂ ಇಲ್ಲ, ಮರಿನೂ ಇಲ್ರಿ. ನಾ ಗೋಕಾಕದ ಕಾಲೇಜಿನ್ಯಾಗ ಕಲಸ್ತೇನಿ."

"ಹಂಗಾದ್ರ ಕುರಿ ಗುರ್ತ ತುಗೊಂಡು ಏನ್ ಮಾಡ್ತೀರಿ?"

"ಒಂದು ಹಕ್ಕಿ ಸಲುವಾಗಿ ಬೇಕಾಗೈತಿ."

ಅಲ್ಲಿಯವರೆಗೆ ಧಾರಾಳವಾಗಿ ಮಾತಾಡುತ್ತಿದ್ದವನು ಬಲಗೈಯನ್ನು ಮೆಲ್ಲಗೆ ಕಂಬಳಿಯೊಳಗೆ ಸೇರಿಸಿದ. ಹಾಗೆ ಮಾಡದೇ ಇದ್ದಿದ್ದರೆ ಸುಮನ ಆ ಕೈಯನ್ನು ಗಮನಿಸುತ್ತಲೇ ಇರಲಿಲ್ಲ. ಮುಚ್ಚಿಟ್ಟದ್ದನ್ನು ನೋಡದೆ ಬಿಡುವ ಸ್ವಭಾವ ಅವಳದಲ್ಲ.

ಈ ಕುತೂಹಲ ಅವಳಿಗೆ ಹುಟ್ಟಿನಿಂದ ಬಂದದ್ದು. ಹತ್ತರಗಿಯ ಹೈವೇ ಪಕ್ಕದ ಮನೆಯಲ್ಲಿ ಚಿಕ್ಕವಳಿದ್ದಾಗ, ಹೋಗುವ ಲಾರಿಗಳನ್ನು ನೋಡಿ ಇದು ಯಾವ ರಾಜ್ಯದ್ದು, ಒಳಗೆ ಏನಿದೆ ಎಂದು ಅಪ್ಪನ ತಲೆ ತಿನ್ನುತ್ತಿದ್ದಳು. ಪ್ರಾಣಿಶಾಸ್ತ್ರ ಓದಿ ಗೋಕಾಕದಲ್ಲಿ ಅತಿಥಿ ಉಪನ್ಯಾಸಕಿಯಾದ ಮೇಲೆ ಲಾರಿಗಳ ಜಾಗಕ್ಕೆ ಹಕ್ಕಿಗಳು ಬಂದವು, ತಿನ್ನುವುದಕ್ಕೆ ಅಣ್ಣಾಸಾಹೇಬ ಸರ್ ಅವರ ತಲೆ ಸಿಕ್ಕಿತು. ಅವರು ನಿವೃತ್ತ ಮಾಸ್ತರರು. ರವಿವಾರ ಬಂದರೆ ಹಕ್ಕಿ ನೋಡುವವರ ಗುಂಪು ಕಟ್ಟಿಕೊಂಡು ಧೂಪದಾಳದ ಹಿನ್ನೀರಿಗೆ ಹೊರಡುತ್ತಿದ್ದರು.

ಚಳಿಗಾಲದಲ್ಲಿ ಅಲ್ಲಿಗೆ ಜೌಗು ಸೆಳೆವ ಎಂಬ ಬೇಟೆಯ ಹಕ್ಕಿ ಬರುತ್ತದೆ. ಕಂದು ಮೈ, ಕೆನೆಬಣ್ಣದ ನೆತ್ತಿ. ದೂರದ ಉತ್ತರದ ದೇಶಗಳಿಂದ ಬಂದು, ನೀರಂಚಿನ ಜೊಂಡಿನ ಮೇಲೆ ರೆಕ್ಕೆ ಎತ್ತಿಹಿಡಿದು ತಗ್ಗಿನಲ್ಲಿ ತೇಲುತ್ತ ಕಪ್ಪೆ, ಇಲಿ ಹುಡುಕುತ್ತದೆ. ಸಂಜೆಯಾದರೆ ಮರ ಹತ್ತದೆ ಜೊಂಡಿನೊಳಗೆ ನೆಲದ ಮೇಲೇ ಮಲಗುತ್ತದೆ. ನಾವು ಜೊಂಡು ಸುಟ್ಟು, ಹುಲ್ಲುಗಾವಲು ಉತ್ತು ಬೆಳೆ ತೆಗೆಯುತ್ತ ಹೋದಂತೆ ಸೆಳೆವಗಳು ಕಡಿಮೆಯಾಗುತ್ತ ಬಂದವು. ಹಿಂದೆ ಗುಂಪು ಗುಂಪಾಗಿ ಇಳಿಯುತ್ತಿದ್ದವು ಎಂದು ಸರ್ ಹೇಳುತ್ತಿದ್ದರು. ಈ ವರ್ಷ ಅವರಿಗೆ ಕಂಡದ್ದು ಒಂದೇ.

ಆ ಒಂದರ ಬಲರೆಕ್ಕೆಯ ಮೇಲೆ ಎರಡು ಕೆಂಪು ಗೆರೆಗಳಿದ್ದವು.

ಸುಮನ ತೆಗೆದ ಫೋಟೋ ಗುಂಪಿನ ವಾಟ್ಸಾಪಿಗೆ ಬಿದ್ದದ್ದೇ ತಡ, ಎಲ್ಲರೂ ಪಂಡಿತರಾದರು. ವಿದೇಶದ ವಿಜ್ಞಾನಿಗಳು ಕಟ್ಟಿದ ಗುರುತಿನ ಪಟ್ಟಿ ಎಂದರು ಒಬ್ಬರು. ಯಾವ ದೇಶದ್ದೆಂದು ಬರೆದು ಕೇಳೋಣ ಎಂದರು ಇನ್ನೊಬ್ಬರು. ಸುಮನ ಮಾತ್ರ ಫೋಟೋವನ್ನು ದೊಡ್ಡದು ಮಾಡಿ ನೋಡುತ್ತ ಕುಳಿತಳು. ಪಟ್ಟಿಯಾದರೆ ಅಂಚು ನೇರ ಇರಬೇಕು. ಇದು ಗರಿಯ ಮೇಲೆ ಬೆರಳಿನಿಂದ ಎಳೆದ ಬಣ್ಣ. ಈ ಕೆಂಪನ್ನು ಎಲ್ಲೋ ನೋಡಿದ್ದೇನೆ ಎಂದು ಕ್ಲಾಸಿನಲ್ಲೂ ಅದೇ ಯೋಚನೆ. ಒಂದು ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಎದುರು ಕುರಿ ಹಿಂಡೊಂದು ರಸ್ತೆಗೆ ಅಡ್ಡ ಬಂದಾಗ ಉತ್ತರ ಸಿಕ್ಕಿತು. ಎಣ್ಣೆಯಲ್ಲಿ ಕಲಸಿದ ಹುರಮಂಜು, ಕುರುಬರು ತಮ್ಮ ಕುರಿಗಳಿಗೆ ಗುರುತಿಗೆಂದು ಹಚ್ಚುವ ಕೆಂಪು ಮಣ್ಣು.

ಒಂದೊಂದು ಹಟ್ಟಿಗೆ ಒಂದೊಂದು ಗುರುತು. ಹಾಗಾದರೆ ಈ ಸೆಳೆವ ಯಾರ ಹಟ್ಟಿಯದು? ಅದನ್ನೇ ಕೇಳುತ್ತ ಅವಳು ಮೂಡಲಗಿ, ಕೌಜಲಗಿ ಎಲ್ಲ ಸುತ್ತಿದ್ದಳು. ಕೊನೆಗೆ ಉದ್ದಪ್ಪಜ್ಜ ಎಂಬ ಹಿರಿಯ ಕುರುಬ, "ಬಲ ಭುಜದ ಮ್ಯಾಲೆ ಎರಡ ಬಟ್ಟಿನ ಗೆರಿ ಅಂದ್ರ ಅದು ಸತ್ತೆವ್ವಂದು" ಎಂದು ದಾರಿ ತೋರಿಸಿದ್ದ.

ಈಗ ಎದುರು ನಿಂತವನು ಸತ್ತೆವ್ವನ ಮಗ ಭೀಮಶಿ. ಅವನ ಹಿಂದಿನ ಕುರಿಗಳ ಬಲ ಭುಜದ ಮೇಲೆಲ್ಲ ಎರಡೆರಡು ಕೆಂಪು ಗೆರೆ.

"ಕೈ ತೋರಿಸ್ರಿ," ಎಂದಳು ಸುಮನ.

"ಯಾಕ್ರಿ, ಭವಿಷ್ಯ ಹೇಳ್ತೀರೇನು?"

"ಆಗಿ ಹೋದದ್ದು ಹೇಳ್ತೇನಿ. ತೋರಿಸ್ರಿ."

ಅವನು ಕೈ ಚಾಚಿದ. ಹೆಬ್ಬೆರಳಿನ ಬುಡದಲ್ಲಿ ಮಾಗಿದ ಗಾಯಗಳು, ಉಗುರು ಆಳಕ್ಕೆ ಇಳಿದ ಗುರುತು. ಸುಮನ ಮುಟ್ಟದೆ ಬಗ್ಗಿ ನೋಡಿದಳು. ಅವನು ಗಾಯದ ಕಡೆ ನೋಡದೆ ಬಗ್ಗಿದವಳ ಬೈತಲೆ ನೋಡುತ್ತಿದ್ದ. ಅವಳು ತಲೆ ಎತ್ತಿದಾಗ ಬೇಲಿಯ ಕಡೆ ನೋಡಿದ.

"ಇದು ಕುರಿ ಕಡದಿದ್ದಲ್ಲ."

"ಅಲ್ರಿ. ಕೇಸ್ ಹಾಕ್ತೀರೇನು?"

"ಮೊದಲ ಹೆಂಗಾತು ಹೇಳ್ರಿ. ಆಮ್ಯಾಲ ನೋಡೂಣು."

ಅವನು ಹೇಳಿದ. ಹಿನ್ನೀರಿನ ದಂಡೆಯಲ್ಲಿ ಯಾರೋ ಬಿಸಾಕಿದ ಹರಕು ಮೀನಿನ ಬಲೆಗೆ ಸಿಕ್ಕಿ ಹಕ್ಕಿ ಒದ್ದಾಡುತ್ತಿತ್ತು. ಅದರ ಮೇಲೆ ಕಂಬಳಿ ಹಾಕಿ, ಬಲೆ ಕತ್ತರಿಸಿ, ಹಟ್ಟಿಗೆ ತಂದು ಎಳೆಮರಿಗಳನ್ನು ಮುಚ್ಚುವ ಹೆಡಗಿ ಬುಟ್ಟಿಯ ಕೆಳಗೆ ಇಟ್ಟ.

"ಆಮ್ಯಾಲ ಹಾಲು ಕುಡಸಾಕ ಹೋದೆ."

ಸುಮನಳಿಗೆ ನಗು ತಡೆಯಲಾಗಲಿಲ್ಲ. "ಬ್ಯಾಟಿ ಆಡೋ ಹಕ್ಕಿಗಿ ಹಾಲಾ?"

"ನಗಬ್ಯಾಡ್ರಿ. ತಾಯಿ ಸತ್ತ ಮರಿಗಿ ಕುಡಸಿದಂಗ ಬಾಟ್ಲಿ ಹಿಡದೆ. ಅದು ಬಾಟ್ಲಿ ಬಿಟ್ಟು ನನ್ನ ಕೈ ಹಿಡೀತು. ಬಿಡಸ್ಕೊಳ್ಳಾಕ ಹೋದ್ರ ಇನ್ನೂ ಬಿಗಿ ಹಿಡೀತು. ಮುಂದ ಕಬ್ಬಿನ ಹೊಲದಾಗಿನ ಇಲಿ ಹಿಡದು ಹಾಕಿದೆ, ತಿಂತು. ರೆಕ್ಕಿ ಬಡ್ಯಾಕ ಹತ್ತಿದ ಮ್ಯಾಲ ಬಿಟ್ಟಿವಿ."

"ಖರೆ. ಆದ್ರ ಬಣ್ಣ ಯಾಕ ಬಡದ್ರಿ?"

"ಅದು ನಾ ಬಡದಿದ್ದು," ಎಂಬ ದನಿ ಹಿಂದಿನಿಂದ ಬಂತು. ಹಣೆ ತುಂಬ ಭಂಡಾರದ ಅರಿಶಿನ, ಕೈಯಲ್ಲಿ ಎರಡು ಲೋಟ ಚಹಾ. ಸತ್ತೆವ್ವ. "ನಮ್ಮ ಹಟ್ಟ್ಯಾಗ ಉಂಡು ಮಲಗಿದ್ದು ಗುರ್ತ ಇಲ್ದ ಹೊರಗ ಹೋಗಬಾರದವಾ. ನಾಳೆ ಎಲ್ಲೆರ ಬಿತ್ತಂದ್ರ ಕಂಡವರು ತಂದು ಮುಟ್ಟಸ್ತಾರ."

"ಅವ್ವಾರ, ಅದು ಎಷ್ಟೋ ದೇಶ ದಾಟಿ ಹೋಗ್ತೈತ್ರಿ."

"ಅಲ್ಲೆ ಕುರಿ ಕಾಯೋರು ಇರಾಂಗಿಲ್ಲೇನು?"

ಇರುತ್ತಾರೆ ಎಂದು ಸುಮನ ಒಪ್ಪಿಕೊಳ್ಳಬೇಕಾಯಿತು. ಸತ್ತೆವ್ವ ಬೇಲಿಯ ಹತ್ತಿರದ ಹಸಿರು ಗುರುತಿನ ಕುರಿಯನ್ನು ತೋರಿಸಿದಳು. ದೀಪಾವಳಿ ಆದಮೇಲೆ ಎಲ್ಲಿಂದಲೋ ತಪ್ಪಿಸಿಕೊಂಡು ಬಂದು ಹಿಂಡಿಗೆ ಸೇರಿತ್ತಂತೆ. ಬೇರೆಯವರ ಗುರುತು ಇದ್ದದ್ದನ್ನು ಇಟ್ಟುಕೊಳ್ಳುವಂತಿಲ್ಲ, ಅದರ ಉಣ್ಣೆಯನ್ನೂ ಕತ್ತರಿಸುವಂತಿಲ್ಲ. "ಯಾರದು ಅಂತ ಗೊತ್ತಾದ ದಿನ ಅವರ ಬಾಗಲಿಗಿ ಒಯ್ದು ಮುಟ್ಟಸೂದು. ಅವರು ನಮ್ಮನ್ನ ಒಳಗ ಕರದು ಉಣ್ಣಾಕ ನೀಡಬೇಕು, ನಾವು ಉಂಡ ಬರಬೇಕು. ಉಣಲಿಲ್ಲಂದ್ರ ಮುಟ್ಟಿಸಿದಂಗಲ್ಲ."

ಆಮೇಲೆ ಕೇಳಿದಳು, "ನೀ ಯಾರ ಪೈಕಿ ಆಗಬೇಕವಾ?"

ಈ ಪ್ರಶ್ನೆ ಸುಮನಳಿಗೆ ಹೊಸದಲ್ಲ. ಅದಕ್ಕೆ ಸುತ್ತುಬಳಸಿ ಉತ್ತರ ಕೊಡುವುದನ್ನು ಅವಳಿಗೆ ಮನೆಯಲ್ಲಿ ಕಲಿಸಿರಲಿಲ್ಲ. "ಹುಕ್ಕೇರಿ ತಾಲೂಕು ಹತ್ತರಗಿ ರಿ. ನಾವು ಬೌದ್ಧರು. ಮನ್ಯಾಗ ಬುದ್ಧನ ಮೂರ್ತಿ, ಬಾಬಾಸಾಹೇಬರ ಫೋಟೋ ಅದಾವು."

"ಹೂಂ," ಎಂದಳು ಸತ್ತೆವ್ವ. ಕೈಯಲ್ಲಿದ್ದ ಎರಡು ಸ್ಟೀಲ್ ಲೋಟಗಳಲ್ಲಿ ಒಂದನ್ನು ಮಗನಿಗೆ ಕೊಟ್ಟಳು. ಇನ್ನೊಂದರ ಚಹಾವನ್ನು ಗುಡಾರದಿಂದ ತಂದ ಪೇಪರ್ ಕಪ್ಪಿಗೆ ಸುರಿದು ಸುಮನಳ ಮುಂದಿಟ್ಟಳು. ಭೀಮಶಿ ತನ್ನ ಸ್ಟೀಲ್ ಲೋಟವನ್ನು ಸುಮನಳ ಕೈಗೆ ಕೊಟ್ಟು, ಪೇಪರ್ ಕಪ್ಪನ್ನು ತಾನೆತ್ತಿಕೊಂಡು ಊದಿ ಊದಿ ಕುಡಿಯತೊಡಗಿದ. ಅವ್ವ ನೋಡಿದಳು. ಸುಮನ ಚಹಾ ಕುಡಿದಳು. ಸಕ್ಕರೆ ಜಾಸ್ತಿಯಾಗಿತ್ತು, ಆದರೂ ಪೂರ್ತಿ ಕುಡಿದಳು. ಸ್ಕೂಟಿ ಹತ್ತುವಾಗ ಅವಳಿಗೆ ಹಕ್ಕಿಯ ವಿಷಯ ಮುಗಿಯಿತು ಅನ್ನಿಸಿತು, ಈ ಹುಡುಗನ ವಿಷಯ ಮುಗಿದಿಲ್ಲ ಎಂದೂ ಅನ್ನಿಸಿತು.

ಅಣ್ಣಾಸಾಹೇಬ ಸರ್‌ಗೆ ನಿಜ ಹೇಳಿದಾಗ ಅವರ ಮುಖ ಸಣ್ಣದಾಯಿತು. ಪಾಪ, ಅವರು ಮೂರು ದೇಶಗಳಿಗೆ ಪತ್ರ ಬರೆಯಲು ತಯಾರಾಗಿದ್ದರು. "ಹಕ್ಕಿ ಹಿಡದು ಇಟ್ಕೊಳ್ಳೂದು ಕಾನೂನಿಗಿ ವಿರುದ್ಧ ಐತಿ. ಮುಂದ ಇಂಥಾದ್ದು ಕಂಡ್ರ ಮೊದಲ ಅರಣ್ಯ ಇಲಾಖಿಗೆ ಫೋನ್ ಮಾಡು ಅಂತ ಆ ಹುಡುಗಗ ಹೇಳವಾ. ಬಣ್ಣಾನೂ ಹಚ್ಚಬಾರದು ಅಂತ ಹೇಳು," ಎಂದರು. ಅದನ್ನು ಹೇಳುವುದಕ್ಕೆ ಮತ್ತೆ ಹೋಗಲೇಬೇಕಲ್ಲ. ಸುಮನ ಮರುದಿನವೇ ಹೋದಳು.

ಆಮೇಲೆ ಹೋಗುವುದಕ್ಕೆ ಕಾರಣ ಬೇಕಾಗಲಿಲ್ಲ. ಕಾಲೇಜು ಮುಗಿಸಿ ಅವಳು ಹಿನ್ನೀರಿನ ದಂಡೆಗೆ ಬರುವ ಹೊತ್ತಿಗೆ ಭೀಮಶಿ ಕುರಿಗಳನ್ನು ನೀರಿಗೆ ತಂದಿರುತ್ತಿದ್ದ. ಹೊತ್ತು ಇಳಿಯುವಾಗ ಕೆಂಪು ಗೆರೆಯ ಸೆಳೆವ ಜೊಂಡಿನ ಮೇಲೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಓಲಾಡುತ್ತ ಬರುತ್ತಿತ್ತು. ಒಂದು ಕಡೆ ತಡೆದು, ಕಾಲು ಇಳಿಬಿಟ್ಟು, ಜೊಂಡಿನೊಳಗೆ ಇಳಿದು ಮರೆಯಾಗುತ್ತಿತ್ತು. ಆಮೇಲೂ ಇಬ್ಬರೂ ಅಲ್ಲೇ ನಿಂತಿರುತ್ತಿದ್ದರು.

"ಇದು ಹೆಣ್ಣೋ ಗಂಡೋ ರಿ?"

"ಹೆಣ್ಣು."

"ಅದಕ್ಕ ಹಂಗ ಹಿಡೀತು ನೋಡ್ರಿ. ಬಿಡಸ್ಕೊಳ್ಳಾಕ ಹೋದಷ್ಟೂ ಬಿಗಿ."

"ಹೆಣ್ಣು ಹಿಡದ್ರ ಹಂಗನ."

"ಅದರ ಹೆಸರು ಏನಂದ್ರಿ?"

"ಸೆಳೆವ."

"ಯಾರನ್ನ ಸೆಳೀತೈತಿ?"

"ಇಲಿಗಳನ್ನ," ಎಂದಳು ಸುಮನ, ಮುಖ ಗಂಭೀರ ಮಾಡಿಕೊಂಡು.

ಒಮ್ಮೆ ಅವನು ಅವಳ ಬೈನಾಕ್ಯುಲರ್ ಇಸಿದುಕೊಂಡು ಜೊಂಡಿನ ಕಡೆ ನೋಡಿದ. ನೋಡುತ್ತ ನೋಡುತ್ತ ಮೆಲ್ಲಗೆ ಇತ್ತ ತಿರುಗಿದ.

"ಹಕ್ಕಿ ಆ ಕಡೆ ಐತಿ."

"ಗೊತ್ತೈತ್ರಿ."

"ಮತ್ತ?"

"ಇದರಾಗ ನೋಡಿದ್ರ ನೀವು ಭಾಳ ಹತ್ರ ಕಾಣ್ತೀರಿ."

ಸುಮನ ಬೈನಾಕ್ಯುಲರ್ ಕಿತ್ತುಕೊಂಡಳು. ಕಿತ್ತುಕೊಳ್ಳುವಾಗ ಬೆರಳಿಗೆ ಬೆರಳು ತಾಗಿತು, ಅವನ ಮಾಗಿದ ಗಾಯ ಒರಟಾಗಿತ್ತು. ಆ ರಾತ್ರಿ ಉತ್ತರ ಪತ್ರಿಕೆ ತಿದ್ದುವಾಗ ಯಾವುದೋ ಹುಡುಗನಿಗೆ ಕೊಡಬಾರದಷ್ಟು ಅಂಕ ಕೊಟ್ಟಳು.

ಸಂಕ್ರಾಂತಿಗೆ ಹತ್ತರಗಿಗೆ ಹೋದವಳು ಅವ್ವ ಮಾಡಿದ ಶೇಂಗಾ ಹೋಳಿಗೆಯನ್ನು ಡಬ್ಬಿ ತುಂಬಿಕೊಂಡು ಹಟ್ಟಿಗೆ ತಂದಳು. ಭೀಮಶಿ ನಿಂತಲ್ಲೇ ತಿನ್ನತೊಡಗಿದ. ಸತ್ತೆವ್ವ ಡಬ್ಬಿಯನ್ನು ನೋಡಿ, "ಇವತ್ತ ನಂದು ವಾರ ಐತಿ ತಂಗಿ. ಒಪ್ಪತ್ತು. ತಿನ್ನಾಂಗಿಲ್ಲ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಕಣ್ಣು ಮಾತ್ರ ಬೇರೆ ಕಡೆ ಇತ್ತು. ಮತ್ತೊಂದು ದಿನ ತಂದಾಗ ಆಕೆಗೆ ಹಲ್ಲುನೋವು ಇತ್ತು.

ಅದೇ ವಾರ ಹಸಿರು ಗುರುತಿನ ಕುರಿಯ ಒಡೆಯರು ಹುಕ್ಕೇರಿ ಕಡೆಯವರೆಂದು ಗೊತ್ತಾಯಿತು. ಸತ್ತೆವ್ವ ಕುರಿಯನ್ನು ಟೆಂಪೋದಲ್ಲಿ ಹತ್ತಿಸಿಕೊಂಡು ಹೋಗಿ ಮುಟ್ಟಿಸಿ ಬಂದಳು. ಹಿಂದೆ ಮುಂದೆ ಗೊತ್ತಿಲ್ಲದ ಆ ಮನೆಯಲ್ಲಿ ರೊಟ್ಟಿ, ಝುಣಕ, ಮೊಸರು ಎಷ್ಟು ಚೆನ್ನಾಗಿ ನೀಡಿದರೆಂದು ಹಟ್ಟಿಗೆಲ್ಲ ಹೇಳಿದಳು. ಸುಮನ ಅದನ್ನು ಕೇಳುತ್ತ ಖಾಲಿ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡಳು. ಅವಳಿಗೆ ತುಂಬ ನೋವಾಯಿತು. ಹಲ್ಲು ಇಷ್ಟು ಬೇಗ ವಾಸಿಯಾಯಿತೇ ಎಂದು ಕೇಳುವಷ್ಟು ಸಿಟ್ಟೂ ಬಂತು, ಕೇಳಲಿಲ್ಲ.

ಮಾರ್ಚ್ ಬಂತು. ಒಂದು ಸಂಜೆ ಸೆಳೆವ ಬರಲಿಲ್ಲ. ಮರುದಿನವೂ ಬರಲಿಲ್ಲ.

"ಹೋತು," ಎಂದಳು ಸುಮನ. "ಅದರ ದೇಶಕ್ಕ."

"ನಾವೂ ಹೊಂಟೇವಿ," ಎಂದ ಭೀಮಶಿ. "ನಾಳೆ ಮುಂಜಾನೆ ಹೊಳಿ ದಾಟಿ ಕೌಜಲಗಿ ಕಡೆ. ಇಲ್ಲೆ ಮೇವು ಮುಗೀತು."

ಅವಳು ನೀರಿನ ಕಡೆ ನೋಡುತ್ತಿದ್ದಳು. ಅವನು ಕೆಮ್ಮಿದ, ಕಂಬಳಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡ.

"ಸುಮನ." ಮೇಡಂ ಅನ್ನದೆ ಹೆಸರು ಹಿಡಿದದ್ದು ಅದೇ ಮೊದಲು. "ನಾ ಹಕ್ಕಿ ನೋಡಾಕ ಬರ್ತಿರಲಿಲ್ಲ. ನಿನ್ನ ನೋಡಾಕ ಬರ್ತಿದ್ದೆ. ನೀ ಬ್ಯಾಡ ಅಂದ್ರ ಇಲ್ಲಿಗೇ ಬಿಡ್ತೇನಿ. ಹೂಂ ಅಂದ್ರ ಎಲ್ಲೆ ಕರದ್ರೂ ಬರ್ತೇನಿ. ಬೆಳಗಾವಿಗಿ ಹೋಗಿ ಆಫೀಸಿನ್ಯಾಗ ಸಹಿ ಮಾಡಿ ಲಗ್ನ ಆಗೂಣು. ಅವ್ವಗ ಆಮ್ಯಾಲ ಹೇಳಿದ್ರಾತು."

"ಹೂಂ ಅನ್ನಾಕ ನನಗ ಭಾಳ ದಿನದಿಂದ ಆಸೆ ಐತಿ," ಎಂದಳು ಸುಮನ. ಇಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿದವು, ದನಿ ಮಾತ್ರ ಗಟ್ಟಿಯಾಗಿತ್ತು. "ಆದ್ರ ಕದ್ದು ಬರಾಂಗಿಲ್ಲ, ಭೀಮಶಿ. ನಮ್ಮ ಮನ್ಯಾಗ ಉಣ್ಣದವರ ಮನಿಗಿ ನಾ ಸೊಸಿಯಾಗಿ ಬರಾಂಗಿಲ್ಲ. ನಿನ್ನ ಲೋಟ ನೀ ಕೊಟ್ಟಿ, ಅದನ್ನ ನಾ ಮರಿಯಾಂಗಿಲ್ಲ. ಆದ್ರ ಅದು ನಿನ್ನ ಲೋಟ. ನಿಮ್ಮವ್ವ ನಮ್ಮ ಬಾಗಲಾ ದಾಟಬೇಕು."

ಅವಳು ಬ್ಯಾಗಿನಿಂದ ನೀಲಿ ಮಾರ್ಕರ್ ತೆಗೆದಳು. ಪ್ರಯೋಗಾಲಯದ ಗಾಜಿನ ಬಾಟಲಿಗಳ ಮೇಲೆ ಬರೆಯುವಂಥದ್ದು, ತೊಳೆದರೆ ಹೋಗುವುದಿಲ್ಲ.

"ಆ ಹಕ್ಕಿಗಿ ಎಲ್ಲಿ ಹಾಕಿದ್ರಿ? ಬಲಕ್ಕಲ್ಲಾ?"

"ಏನ್ ಮಾಡ್ತಿ?"

"ಸುಮ್ನ ನಿಂದ್ರು."

ಅವನು ನಿಂತ. ಅವನ ಬಿಳಿ ಅಂಗಿಯ ಬಲತೋಳಿನ ಮೇಲೆ, ಭುಜಕ್ಕೆ ತುಸು ಕೆಳಗೆ, ಅವಳು ಎರಡು ನೀಲಿ ಗೆರೆ ಎಳೆದಳು. ಬಟ್ಟೆಯ ಕೆಳಗೆ ಅವನ ತೋಳು ಬಿಸಿಯಾಗಿತ್ತು. ಎರಡನೆಯ ಗೆರೆ ಬೇಕಾದದ್ದಕ್ಕಿಂತ ನಿಧಾನವಾಗಿ ಹೋಯಿತು.

"ಇದು ಹತ್ತರಗಿ ಗುರ್ತ. ನಿಮ್ಮವ್ವ ಕೇಳ್ತಾಳ, ಯಾರದು ಅಂತ. ಆವಾಗ ಖರೆ ಹೇಳು. ಅಲ್ಲೀತನ ಫೋನ್ ಮಾಡಬ್ಯಾಡ."

ಹಿಂಡು ಹೊಳೆ ದಾಟಿ ಹೋಯಿತು. ಸುಮನಳ ಫೋನು ಸುಮ್ಮನೆ ಬಿದ್ದಿರುತ್ತಿತ್ತು. ಗುಂಪಿನ ವಾಟ್ಸಾಪು ಮಾತ್ರ ಗೊಣಗುತ್ತಲೇ ಇತ್ತು. ಫೋನ್ ಬೇಡ ಅಂದದ್ದು ನಾನೇ, ಈಗ ಕಾಯುವವಳೂ ನಾನೇ ಎಂದು ತನ್ನ ಮೇಲೇ ಸಿಟ್ಟಾದಳು. ಸತ್ತೆವ್ವ ಇನ್ನೂ ನೋಡಿಲ್ಲವೇ? ನೋಡಿಯೂ ಕೇಳಲಿಲ್ಲವೇ? ಕೇಳಿಯೂ ಸುಮ್ಮನಾದಳೇ? ಉತ್ತರ ಹುಡುಕಲು ಸ್ಕೂಟಿ ಹತ್ತಿ ಹೊರಟುಬಿಡುವ ಅವಳ ಚಾಳಿ ಇಲ್ಲಿ ಕೆಲಸಕ್ಕೆ ಬರುವಂತಿರಲಿಲ್ಲ. ಪರೀಕ್ಷೆಗಳು ಮುಗಿದವು. ಅವಳು ಊರಿಗೆ ಬಂದಳು.

ಒಂದು ಮಧ್ಯಾಹ್ನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂಡುವ ಹೊತ್ತು. ಹೈವೇ ಕಡೆಯಿಂದ ಬಂದ ಯಾರೋ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಸುಮನ ಎದ್ದು ಹೋದಳು.

ಸತ್ತೆವ್ವ ನಿಂತಿದ್ದಳು. ಹಣೆ ತುಂಬ ಭಂಡಾರ, ಬಿಸಿಲಿಗೆ ಬೆವೆತ ಮುಖ. ಮಗನ ರಟ್ಟೆಯನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಭೀಮಶಿ ಅದೇ ಬಿಳಿ ಅಂಗಿ ತೊಟ್ಟಿದ್ದ, ನೆಲ ನೋಡುತ್ತಿದ್ದ. ತುಟಿಯ ಅಂಚಿನಲ್ಲಿ ನಗು ಇತ್ತು.

"ಇವನ ಅಂಗಿ ತೋಳು ನೋಡಿಲ್ಲಿ ತಂಗಿ," ಎಂದಳು ಸತ್ತೆವ್ವ. "ಇದು ನಿಮ್ಮ ಗುರ್ತ ಹೌದೋ ಅಲ್ಲೋ?"

ಸುಮನ ಹೌದೆಂದು ತಲೆಯಾಡಿಸಿದಳು.

"ಕಲ್ಲಿಗಿ ಬಡದ ಬಡದ ಒಗದೆ, ಹೋಗವಲ್ದು. ಯಾರದು ಅಂದ್ರ ಹತ್ತರಗಿದು ಅಂದ. ಎಷ್ಟೋ ದಿನ ಸುಮ್ನ ಇದ್ದೆ, ನೋಡಿದ್ದೂ ನೋಡದಂಗ. ಆದ್ರ ಮಂದಿ ಗುರ್ತ ಇದ್ದದ್ದನ್ನ ನಮ್ಮ ಹಿಂಡಿನ್ಯಾಗ ಇಟ್ಕೊಂಡು ನನಗ ಕಣ್ಣಿಗಿ ನಿದ್ದಿ ಹತ್ತಲಿಲ್ಲ. ಮುಟ್ಟಸಾಕ ಬಂದೇನಿ." ಆಕೆ ಮಗನ ರಟ್ಟೆ ಬಿಟ್ಟಳು. ಹೊಸ್ತಿಲ ಆಚೆ, ಗೋಡೆಯ ಮೇಲಿನ ಫೋಟೋ, ತಟ್ಟೆ ಹಾಕಿಟ್ಟ ನೆಲ, ಎದ್ದು ನಿಂತ ಸುಮನಳ ಅವ್ವ, ಅಪ್ಪ, ಎಲ್ಲವನ್ನೂ ಒಮ್ಮೆ ನೋಡಿದಳು. "ಮುಟ್ಟಿಸಿದವರಿಗಿ ಉಣ್ಣಾಕ ನೀಡಬೇಕಲ್ಲ. ಮುಂಜಾನಿಂದ ಬಸ್ಸಿನ್ಯಾಗ ಕುಂತೇನಿ. ಹಸಿವಾಗೈತಿ."

ಹೊಸ್ತಿಲು ದಾಟಿ ಬಂದು, ಸುಮನಳ ಅವ್ವ ಹಾಸಿದ ಚಾಪೆಯ ಮೇಲೆ ಕಾಲು ಮಡಿಸಿ ಕುಳಿತಳು. ಸುಮನ ಸ್ಟೀಲ್ ತಟ್ಟೆ ಇಟ್ಟು ರೊಟ್ಟಿ, ಪಲ್ಯ ನೀಡಿದಳು. ಭೀಮಶಿ ಪಕ್ಕದಲ್ಲಿ ಕುಳಿತು, ತಾನು ಉಣ್ಣದೆ, ಅವಳ ಕೈಯನ್ನೇ ನೋಡುತ್ತಿದ್ದ. ಈ ಸಲ ಅವಳು ನೋಡಿದಾಗ ಅವನು ಬೇರೆ ಕಡೆ ತಿರುಗಲಿಲ್ಲ.

ಸತ್ತೆವ್ವ ರೊಟ್ಟಿ ಮುಗಿಸಿದಳು. ಆಮೇಲೆ ಕೇಳಿದಳು.

"ಶೇಂಗಾ ಹೋಳಿಗಿ ಇಲ್ಲೇನು?"

ಇತ್ತು. ಸುಮನಳ ಅವ್ವ ಡಬ್ಬಿ ತಂದಳು. ಸತ್ತೆವ್ವ ಒಂದು ತುಂಡು ಮುರಿದು ಬಾಯಿಗಿಟ್ಟು ಅಗಿದಳು, ನೀರು ಕುಡಿದಳು. ಆಮೇಲೆ ಸುಮನಳ ಕಡೆ ನೋಡಿದಳು, ಈ ಸಲ ನೆಟ್ಟಗೆ.

"ಅವತ್ತ ವಾರ ಇರಲಿಲ್ಲ ತಂಗಿ."

"ಗೊತ್ತಿತ್ರಿ ಅವ್ವಾರ," ಎಂದಳು ಸುಮನ, ಇನ್ನೊಂದು ಹೋಳಿಗೆಯನ್ನು ತಟ್ಟೆಗೆ ಹಾಕಿ ಮೇಲೆ ತುಪ್ಪ ಸುರಿಯುತ್ತ.